ಟೊಮೆಟೊ ಲಾರಿ ದಾಟಿ ಹೋಯ್ತು ಮೇಷ್ಟ್ರೇ

ನಮಸ್ಕಾರ ಮೇಷ್ಟ್ರೇ,

ಪಿಯು ಮಕ್ಕಳಿಗೆ ಅಂತ ನೀವು ಕಳಿಸಿದ 'ಎರಡು ಆಯಾಮದ ಚಲನೆ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಗೆ ಹಾಕಲು ಆಗುವುದಿಲ್ಲ. ಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟ ತೆಗೆದುಬಿಡಿ. 'ಚಲನೆಯೇ ವಿಶ್ವದ ಉಸಿರು' ಅಂತ ಶುರು ಮಾಡಿದರೆ ಹುಡುಗರು ಅಲ್ಲೇ ಪುಟ ಮಗುಚುತ್ತಾರೆ. ನಿಮ್ಮ ನಿಜವಾದ ಆರಂಭ ಎರಡನೇ ಪುಟದ ನಡುವಿನಲ್ಲಿದೆ: ಕೋಲಾರದ ಎಪಿಎಂಸಿ ಮಾರ್ಕೆಟ್ಟು, ಬಾಕ್ಸ್ ಪೇರಿಸಿ ನಿಂತ ಲಾರಿ, ಮೇಲೆ ಕೂತವನ ಕೈಗೆ ಕೆಳಗಿನಿಂದ ಒಂದು ಟೊಮೆಟೊ ಎಸೆಯುವ ಹುಡುಗ. ಚೆನ್ನಾಗಿದೆ. ಆದರೆ ಅವನು 'ಸ್ವೀಕರಿಸು' ಅನ್ನುತ್ತಾನೆ! ನಮ್ಮ ಮಾರ್ಕೆಟ್ಟಿನಲ್ಲಿ ಯಾರು ಹಾಗಂತಾರೆ? 'ಹಿಡ್ಕೊಳ್ಳೋ' ಅಂತಾರೆ, ಅದೂ ಅರ್ಧ ತೆಲುಗಿನಲ್ಲಿ.

ಈಗ ಲೆಕ್ಕ. ಎಡವಿರುವುದು ಇಲ್ಲೇ. ಟೊಮೆಟೊ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ, ನೆಲದಿಂದ 53 ಡಿಗ್ರಿ ಓರೆಯಾಗಿ ಹೊರಟಿದೆ. ಹಿಡಿಯುವವನ ಕೈ 3 ಮೀಟರ್ ಮೇಲಿದೆ. ಗುರುತ್ವದ ವೇಗೋತ್ಕರ್ಷ 9.8ರ ಬದಲು 10 ಇಟ್ಟುಕೊಂಡಿದ್ದೀರಿ, ಅದೇನೂ ಪರವಾಗಿಲ್ಲ. ಆದರೆ ಆ 10 ಮೀಟರ್ ವೇಗವನ್ನು ಇಡಿಯಾಗಿ ಮೇಲಕ್ಕೂ ಹಾಕಿದ್ದೀರಿ, ಮುಂದಕ್ಕೂ ಹಾಕಿದ್ದೀರಿ, ಹಾಗಾಗಿ 1.63 ಸೆಕೆಂಡು, 16 ಮೀಟರ್ ದೂರ ಅಂತ ಬಂದು ಟೊಮೆಟೊ ಲಾರಿ ದಾಟಿ ಯಾವನೋ ಹಮಾಲಿಯ ತಲೆ ಮೇಲೆ ಬಿತ್ತು. ವೇಗ ಒಂದು ವೆಕ್ಟರ್, ಅಂದರೆ ಅಳತೆಯ ಜೊತೆ ದಿಕ್ಕೂ ಇರುವಂಥದ್ದು, ಮೊದಲು ಅದನ್ನು ಎರಡಾಗಿ ಬಿಡಿಸಬೇಕು ಅಲ್ವಾ? 53 ಡಿಗ್ರಿಯ ಕೊಸೈನ್ ಸುಮಾರು 0.6, ಸೈನ್ ಸುಮಾರು 0.8, ಹಾಗಾಗಿ ಮುಂದಕ್ಕೆ 6, ಮೇಲಕ್ಕೆ 8. ಗಾಳಿಯನ್ನು ಮರೆತರೆ ಆ 6 ಹಾಗೇ ಇರುತ್ತದೆ. 8 ಮಾತ್ರ ಸೆಕೆಂಡಿಗೆ 10ರಂತೆ ಇಳಿಯುತ್ತದೆ. ಎರಡನ್ನೂ ಕಟ್ಟಿಹಾಕುವುದು ಕಾಲ ಒಂದೇ.

ಕಾಲವನ್ನು ಟಿ ಅಂದರೆ, ಏರುವ 8ಟಿಯಲ್ಲಿ ಗುರುತ್ವ ಕೆಳಗೆಳೆಯುವ 5ಟಿ² (10ರ ಅರ್ಧ 5) ಕಳೆದು ಎತ್ತರ ಸಿಗುತ್ತದೆ: 8ಟಿ − 5ಟಿ² = 3. ಬಿಡಿಸಿದರೆ 0.6 ಮತ್ತು 1 ಸೆಕೆಂಡು. ನಿಮಗೂ ಎರಡು ಉತ್ತರ ಬಂದಿದ್ದವು, ಒಂದನ್ನು 'ಅಸಂಗತ' ಅಂತ ಸುಮ್ನೆ ಹೊಡೆದುಹಾಕಿದ್ದೀರಿ. ಅಯ್ಯೋ, ಲೇಖನದ ಜೀವವೇ ಅದು! 0.6 ಸೆಕೆಂಡಿನಲ್ಲಿ ಟೊಮೆಟೊ ಏರುತ್ತಾ 3 ಮೀಟರ್ ಮುಟ್ಟುತ್ತದೆ, ಆಗ ಹುಡುಗನಿಂದ 3.6 ಮೀಟರ್ ಮುಂದೆ. 1 ಸೆಕೆಂಡಿಗೆ ಇಳಿಯುತ್ತಾ ಅದೇ ಎತ್ತರ, 6 ಮೀಟರ್ ಮುಂದೆ. ಯಾವುದು ಸರಿ ಅನ್ನುವುದು ಹಿಡಿಯುವವನು ಎಲ್ಲಿ ಕೂತಿದ್ದಾನೆ ಅನ್ನುವುದರ ಮೇಲೆ. ಇದನ್ನು ಒಂದು ಪುಟ ಬರೆಯಿರಿ, ಜಾಸ್ತಿಯಾದರೂ ನಾನು ಕತ್ತರಿಸುವುದಿಲ್ಲ.

'ತುತ್ತತುದಿಯಲ್ಲಿ ವೇಗ ಸೊನ್ನೆ' ಅನ್ನುವ ಸಾಲು ತಪ್ಪು. 0.8 ಸೆಕೆಂಡಿನಲ್ಲಿ ಸೊನ್ನೆಯಾಗುವುದು ಮೇಲ್ಮುಖದ ವೇಗ ಮಾತ್ರ, ಮುಂದಿನ 6 ಎಲ್ಲಿ ಹೋಯಿತು? ಪರೀಕ್ಷೆಯಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವ ಜಾಗ ಇದು, ಮೇಷ್ಟ್ರೇ ಬರೆದುಕೊಟ್ಟರೆ ಹೇಗೆ? ಇನ್ನು, ಚಲನೆಯನ್ನು ಹೀಗೆ ಎರಡಾಗಿ ಬಿಡಿಸುವ ದಾರಿ ನ್ಯೂಟನ್‌ದು ಅಂದಿದ್ದೀರಿ. ಗೆಲಿಲಿಯೋ 1638ರ ಪುಸ್ತಕದಲ್ಲೇ ತೋರಿಸಿದ್ದ, ಆಗ ನ್ಯೂಟನ್ ಇನ್ನೂ ಹುಟ್ಟಿರಲಿಲ್ಲ.

ತಿದ್ದಿ ಕಳಿಸಿ. ಚಿತ್ರವೂ ಬೇಕು. ಲಾರಿ ಸೊಟ್ಟಗಿದ್ದರೆ ನಾವು ಸರಿ ಮಾಡಿಸುತ್ತೇವೆ, ಬಾಣಗಳನ್ನು ಮಾತ್ರ ಅಳತೆ ಇಟ್ಟು ಹಾಕಿ: ಅಡ್ಡಕ್ಕೆ 6 ಸೆಂಟಿಮೀಟರ್, ಮೇಲಕ್ಕೆ 8.