ಬರೆಯಲು ಎಐ ಟೂಲ್‌ಗಳನ್ನೇ ನಂಬಿಕೊಂಡರೆ ಲಾಭವೇನು, ಅಪಾಯವೇನು?

ಲಾಭ ಇದ್ದೇ ಇದೆ. ಬ್ಯಾಂಕಿಗೆ ಇಂಗ್ಲಿಷ್‌ನಲ್ಲಿ ಒಂದು ದೂರು ಬರೆಯಬೇಕು ಅಂದರೆ ಮೊದಲು ನನಗೆ ಅರ್ಧ ದಿನ ಹೋಗುತ್ತಿತ್ತು. ಈಗ ವಿಷಯವನ್ನು ಕನ್ನಡದಲ್ಲೇ ಹೇಳುತ್ತೇನೆ, ಎರಡು ನಿಮಿಷದಲ್ಲಿ ಪತ್ರ ರೆಡಿ. ಉದ್ದದ ಬರಹ ಕತ್ತರಿಸುವುದಕ್ಕೂ ಪರವಾಗಿಲ್ಲ.

ತೊಂದರೆ ಬರುವುದು ಅದು ಹೇಳಿದ್ದನ್ನೆಲ್ಲ ನಂಬಿದಾಗ. ಚಾಟ್‌ಜಿಪಿಟಿಯಂಥವು ಮುಂದೆ ಯಾವ ಪದ ಬರಬಹುದು ಅಂತ ಲೆಕ್ಕ ಹಾಕುತ್ತಾ ವಾಕ್ಯ ಕಟ್ಟುತ್ತವೆ. ನಿಜಕ್ಕೂ ಸುಳ್ಳಿಗೂ ಅದೇ ಧಾಟಿ, ಅದೇ ಧೈರ್ಯ. 2023ರಲ್ಲಿ ನ್ಯೂಯಾರ್ಕ್‌ನ ಇಬ್ಬರು ವಕೀಲರು ಹೀಗೇ ಸಿಕ್ಕಿಬಿದ್ದರು. ಏವಿಯಾಂಕಾ ವಿಮಾನ ಕಂಪನಿ ವಿರುದ್ಧದ ಕೇಸಿನಲ್ಲಿ ಅವರು ತೋರಿಸಿದ ಹಳೆಯ ತೀರ್ಪುಗಳಲ್ಲಿ ಆರು ಇರಲೇ ಇಲ್ಲ. ಎಲ್ಲ ಚಾಟ್‌ಜಿಪಿಟಿ ಹೆಣೆದದ್ದು. ಇವು ನಿಜವೇ ಅಂತ ಅದನ್ನೇ ಕೇಳಿದ್ದರಂತೆ, ಅದು ಹೌದು ಅಂದಿತ್ತು! ಕಳ್ಳನ ಹತ್ತಿರವೇ ಸಾಕ್ಷಿ ಕೇಳಿದ ಹಾಗೆ, ಅಲ್ವಾ? ಕೋರ್ಟು 5,000 ಡಾಲರ್ ದಂಡ ಹಾಕಿತು.

ಕನ್ನಡದಲ್ಲಿ ಇನ್ನೊಂದು ಪೇಚಾಟ. ಗೃಹಪ್ರವೇಶಕ್ಕೆ ಕರೆಯೋಲೆ ಬರೆದುಕೊಡು ಅಂದೆ. ‘ನಿಮ್ಮ ಉಪಸ್ಥಿತಿಯು ಬಹಳವಾಗಿ ಪ್ರಶಂಸಿಸಲ್ಪಡುತ್ತದೆ’ ಅಂತ ಬರೆಯಿತು. ನಮ್ಮ ಅತ್ತೆ ಓದಿ, ‘ಅಂದ್ರೆ ಬರಬೇಕೋ ಬೇಡವೋ?’ ಅಂದರು. ‘ಮನೆಮಂದಿಯೆಲ್ಲ ತಪ್ಪದೆ ಬನ್ನಿ’ ಅಂತ ನಾನೇ ಬದಲಾಯಿಸಿದೆ.

ಆಧಾರ್ ನಂಬರ್, ಆಸ್ಪತ್ರೆ ರಿಪೋರ್ಟ್, ಆಫೀಸಿನ ಗುಟ್ಟಿನ ಕಾಗದ ಇವನ್ನೆಲ್ಲ ಸುಮ್ನೆ ಅದರೊಳಗೆ ಹಾಕಬೇಡಿ. ಶಾಲೆ ಮಕ್ಕಳ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ: ಮೊದಲು ಅವರೇ ಬರೆಯಲಿ, ತಪ್ಪು ತೋರಿಸಲು ಬೇಕಾದರೆ ಎಐ ಇರಲಿ.