ಉಡುಪಿಯ ಕಾರಿಗೆ ಪುದುಚೇರಿಯ ಕಂಪನಿ ಬೇಕೇ?

ಓದುಗರ ಪತ್ರ: ಎಕ್ಸ್‌ಶೋರೂಂ ಬೆಲೆ 1.20 ಕೋಟಿ ರೂಪಾಯಿಯ ಪೆಟ್ರೋಲ್ ಕಾರೊಂದನ್ನು ಮಂಗಳೂರಿನಲ್ಲಿ ನೋಡಿಟ್ಟಿದ್ದೇನೆ. ರಸ್ತೆ ತೆರಿಗೆ ಕೇಳಿ ಎದೆ ಧಸಕ್ಕೆಂದಿತು. ಪುದುಚೇರಿಯಲ್ಲಿ ಒಂದು ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಮಾಡಿಸಿ, ಅದರ ಹೆಸರಿನಲ್ಲಿ ಕಾರು ಕೊಂಡು, ನೋಂದಣಿ, ವಿಮೆ ಎರಡನ್ನೂ ಅಲ್ಲೇ ಮುಗಿಸಿದರೆ ತೆರಿಗೆಯ ಬಹುಪಾಲು ಉಳಿಯುತ್ತದೆ, ಒಂದು ವರ್ಷ ಯಾರೂ ಕೇಳುವಂತಿಲ್ಲ ಎನ್ನುತ್ತಾರೆ ಏಜೆಂಟರೊಬ್ಬರು. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಭಾವ ಮೊಂಟಾನಾ ರಾಜ್ಯದ ಕಂಪನಿಯ ಹೆಸರಿನಲ್ಲಿ ಕಾರು ಇಟ್ಟುಕೊಂಡಿದ್ದಾರೆ. ಅಲ್ಲಿ ನಡೆಯುವುದು ಇಲ್ಲಿ ಯಾಕಾಗದು? ಪರಿಚಯದವರೊಬ್ಬರು ಈಗಾಗಲೇ ಹೀಗೆ ಮಾಡಿದ್ದಾರೆ. ಸರಿಪಡಿಸಿಕೊಳ್ಳುವುದಾದರೆ ಅವರು ಏನು ಮಾಡಬೇಕು? – ಉಡುಪಿಯ ಓದುಗರು

ಮಾನ್ಯರೇ,

ಮಾಡಬೇಡಿ. ತೆರಿಗೆ ಉಳಿಯುವುದೋ ಇಲ್ಲವೋ ಎನ್ನುವುದಕ್ಕಿಂತ, ಕಾರಿಗೆ ಏನಾದರೂ ಆದ ದಿನ ನಿಮ್ಮ ಕೈಯಲ್ಲಿ ಗಟ್ಟಿಯಾದ ಒಂದು ಕಾಗದವೂ ಇರುವುದಿಲ್ಲ ಎನ್ನುವುದೇ ನಮ್ಮ ಆತಂಕ. ನಿಮ್ಮ ಏಜೆಂಟರು ಆ ದಿನದ ಬಗ್ಗೆ ಏನೂ ಹೇಳಿದಂತಿಲ್ಲ.

ಮೊದಲು ಲೆಕ್ಕ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ ಶೇ 18. ಆ ತೆರಿಗೆಯ ಮೇಲೆ ಶೇ 11 ಸೆಸ್. ನಿಮ್ಮ ಕಾರಿಗೆ ತೆರಿಗೆ 21,60,000, ಸೆಸ್ 2,37,600, ಒಟ್ಟು 23,97,600 ರೂಪಾಯಿ. ದೊಡ್ಡ ಮೊತ್ತವೇ, ಎದೆ ಧಸಕ್ಕೆಂದದ್ದರಲ್ಲಿ ತಪ್ಪಿಲ್ಲ. ಆದರೆ ರಾಜ್ಯ ಬದಲಾದರೆ ಬದಲಾಗುವುದು ಇದೊಂದೇ. ಜಿಎಸ್‌ಟಿ ದೇಶದಲ್ಲೆಲ್ಲ ಒಂದೇ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಅದು ಶೇ 40. ಕಂಪನಿ ಹೆಸರಿನಲ್ಲಿ ಕೊಂಡರೂ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ವ್ಯವಹಾರದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ, ಚಾಲಕ ಸೇರಿ 13 ಸೀಟಿನವರೆಗಿನ ಪ್ರಯಾಣಿಕ ವಾಹನಕ್ಕೆ ಸಾಮಾನ್ಯವಾಗಿ ಕಾನೂನೇ ಅದನ್ನು ತಡೆದಿದೆ. ಹತ್ತು ಲಕ್ಷ ಮೀರಿದ ಕಾರಿನ ಮೇಲೆ ಡೀಲರ್ ಹಿಡಿಯುವ ಶೇ 1 ಟಿಸಿಎಸ್ (ಮಾರುವವರೇ ಸಂಗ್ರಹಿಸುವ ಮುಂಗಡ ಆದಾಯ ತೆರಿಗೆ) ಕೂಡ ಬಿಲ್ಲಿನಲ್ಲಿರುವ ಪಾನ್‌ಗೇ ಜಮಾ ಆಗುತ್ತದೆ. ಬಿಲ್ಲು ಎಲ್‌ಎಲ್‌ಪಿಯದ್ದಾದರೆ ಆ 1.20 ಲಕ್ಷವನ್ನು ನಿಮ್ಮ ರಿಟರ್ನ್‌ನಲ್ಲಿ ತೋರಿಸಿಕೊಳ್ಳಲು ಬರುವುದಿಲ್ಲ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆ, 1988ರ 40ನೇ ಸೆಕ್ಷನ್ ಹೇಳುವುದು ಇಷ್ಟು: ಮಾಲೀಕರ ಮನೆ ಅಥವಾ ವ್ಯವಹಾರದ ಸ್ಥಳ ಎಲ್ಲಿದೆಯೋ, ವಾಹನ ಸಾಮಾನ್ಯವಾಗಿ ಎಲ್ಲಿ ಇರುತ್ತದೋ, ಆ ವ್ಯಾಪ್ತಿಯಲ್ಲಿ ನೋಂದಣಿ ಆಗಬೇಕು. ‘ಸಾಮಾನ್ಯವಾಗಿ ಇರುವ’ ಎನ್ನುವ ಮಾತನ್ನು ಗಮನಿಸಿ. ಬಾಡಿಗೆ ವಿಳಾಸ, ಕರೆಂಟ್ ಬಿಲ್ಲು, ಎಲ್‌ಎಲ್‌ಪಿಯ ಪ್ರಮಾಣಪತ್ರ ಎಲ್ಲ ಇದ್ದರೂ ಕಾರು ರಾತ್ರಿ ನಿಲ್ಲುವುದು ಉಡುಪಿಯ ನಿಮ್ಮ ಅಂಗಳದಲ್ಲಾದರೆ ಆ ಷರತ್ತು ಪೂರೈಸುವುದಿಲ್ಲ. ಸುಳ್ಳು ದಾಖಲೆ ಅಥವಾ ಸುಳ್ಳು ವಿವರ ಕೊಟ್ಟು ಪಡೆದ ನೋಂದಣಿಯನ್ನು 55ನೇ ಸೆಕ್ಷನ್‌ನಡಿ ಆರ್‌ಟಿಒ ರದ್ದು ಮಾಡಬಹುದು.

ಏಜೆಂಟರು ಹೇಳಿದ ‘ಒಂದು ವರ್ಷ’ ಬಂದದ್ದು 47ನೇ ಸೆಕ್ಷನ್‌ನಿಂದ. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನ ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಉಳಿದರೆ ಅಲ್ಲಿನ ಹೊಸ ನಂಬರು ಪಡೆಯಬೇಕು ಎನ್ನುವುದು ಅದರ ಸಾರ. ಚೆನ್ನೈಯಲ್ಲಿ ಕೆಲಸದಲ್ಲಿದ್ದವರು ಮಣಿಪಾಲಕ್ಕೆ ವರ್ಗವಾಗಿ ಬಂದರೆ ಅವರಿಗೆ ಈ ಅವಕಾಶ. ಕೊಂಡ ವಾರವೇ ಇಲ್ಲಿಗೆ ಬಂದು, ಇಲ್ಲೇ ಓಡಾಡುವ ಕಾರಿಗೆ ಇದು ರಕ್ಷೆಯಲ್ಲ. ಅಲ್ಲಿ ತಪ್ಪಿರುವುದು 47 ಅಲ್ಲ, 40. ತೆರಿಗೆಯಂತೂ ರಾಜ್ಯದ ಬೇರೆಯೇ ಕಾಯ್ದೆಯ ವಿಷಯ, ನಂಬರು ಬದಲಿಸುವ ಗಡುವಿಗೆ ಅದು ಕಾಯುತ್ತದೆ ಎಂದುಕೊಳ್ಳಬೇಡಿ.

ಹಿಡಿಯುವವರು ಯಾರು ಎಂದು ಕೇಳಬಹುದು. ಪುದುಚೇರಿಯ ಸುಳ್ಳು ವಿಳಾಸದಲ್ಲಿ ದುಬಾರಿ ಕಾರು ನೋಂದಾಯಿಸಿದ್ದಕ್ಕೆ 2017ರಲ್ಲಿ ಕೇರಳದ ಹೆಸರಾಂತ ನಟರ ಮೇಲೆಯೇ ಪ್ರಕರಣ ದಾಖಲಾದವು. 2025ರ ಫೆಬ್ರುವರಿಯಲ್ಲಿ ನಮ್ಮ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಹೊರರಾಜ್ಯ ನಂಬರಿನ 30 ಐಷಾರಾಮಿ ಕಾರುಗಳನ್ನು ವಶಕ್ಕೆ ಪಡೆಯಿತು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದೇ ಒಂದು ಫೆರಾರಿಯಿಂದ ತೆರಿಗೆ, ದಂಡ ಸೇರಿ 1.41 ಕೋಟಿ ರೂಪಾಯಿಗೂ ಹೆಚ್ಚು ವಸೂಲಾಯಿತು. ಮಂಗಳೂರು, ಉಡುಪಿಯಂಥ ಊರಿನಲ್ಲಿ ಒಂದೂಕಾಲು ಕೋಟಿಯ ಕಾರು, ಅದರಲ್ಲೂ ಪುದುಚೇರಿಯ ‘ಪಿವೈ’ ನಂಬರಿನದ್ದು, ಯಾರ ಕಣ್ಣಿಗೂ ಬೀಳದೆ ಇರುವುದು ಸಾಧ್ಯವೇ? ಹೆಜಮಾಡಿ, ಸಾಸ್ತಾನ, ತಲಪಾಡಿ ಟೋಲ್‌ಗಳಲ್ಲಿ ನಿಮ್ಮ ಫಾಸ್ಟ್‌ಟ್ಯಾಗ್ ಬಿಟ್ಟುಹೋಗುವ ದಿನಾಂಕಗಳೇ ಕಾರು ಎಲ್ಲಿದೆ ಎಂಬುದಕ್ಕೆ ಸಾಕ್ಷಿ.

ವಿಮೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಓದಿ. ವಿಮೆ ನಿಂತಿರುವುದು ಪ್ರಪೋಸಲ್ ಫಾರ್ಮಿನಲ್ಲಿ ನೀವು ಕೊಟ್ಟ ಮಾತಿನ ಮೇಲೆ. ಮಾಲೀಕ ಯಾರು, ವಾಹನ ಎಲ್ಲಿರುತ್ತದೆ, ಯಾರು ಓಡಿಸುತ್ತಾರೆ, ಯಾವ ಬಳಕೆಗೆ ಎಂದು ಅಲ್ಲಿ ಕೇಳುತ್ತಾರೆ. ಸಣ್ಣ ಗೀರು, ಬಂಪರ್ ಕ್ಲೇಮಿಗೆ ಬಹುಶಃ ಯಾರೂ ಕೆದಕುವುದಿಲ್ಲ. ಹಾಗಾಗಿಯೇ ಈ ದಾರಿ ಹಿಡಿದವರು ‘ನಮಗೇನೂ ಆಗಿಲ್ಲ’ ಎನ್ನುತ್ತಾರೆ. ಕಾರು ಕಳವಾದಾಗ, ಪೂರ್ತಿ ನಜ್ಜುಗುಜ್ಜಾದಾಗ ಕೋಟಿ ಲೆಕ್ಕದ ಹಣ ಕೊಡಬೇಕಾದ ವಿಮಾ ಕಂಪನಿ ಸರ್ವೇಯರ್ ಜೊತೆ ತನಿಖೆದಾರರನ್ನೂ ಕಳಿಸುತ್ತದೆ. ಅವರು ಆರ್‌ಸಿಯ ವಿಳಾಸಕ್ಕೆ ಹೋಗುತ್ತಾರೆ, ಸರ್ವಿಸ್ ದಾಖಲೆ ಕೇಳುತ್ತಾರೆ, ಎರಡೂ ಕೀಲಿ ಕೇಳುತ್ತಾರೆ. ಪುದುಚೇರಿಯ ಬಾಗಿಲಿಗೆ ಬೀಗ ಬಿದ್ದಿದ್ದು, ಎಲ್ಲ ಸರ್ವಿಸ್ ಮಂಗಳೂರಿನಲ್ಲೇ ಆಗಿದ್ದರೆ, ಮಾಹಿತಿ ಮುಚ್ಚಿಟ್ಟಿದ್ದಾರೆ ಎಂದು ಕ್ಲೇಮ್ ತಿರಸ್ಕರಿಸಲು ದಾರಿ ಸಿಕ್ಕಂತೆ. ಕೋರ್ಟಿಗೆ ಹೋಗಬಹುದು, ಆದರೆ ಅಲ್ಲಿಯೂ ನಿಮ್ಮ ಸುಳ್ಳನ್ನು ನೀವೇ ಸಮರ್ಥಿಸಿಕೊಳ್ಳಬೇಕು. ನೋಂದಣಿಯನ್ನು ಕೋರ್ಟುಗಳು ಎಷ್ಟು ಗಂಭೀರವಾಗಿ ನೋಡುತ್ತವೆ ಎನ್ನುವುದಕ್ಕೆ 2021ರ ಸೆಪ್ಟೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪು ನೋಡಿ. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದಿದ್ದ ಕಾರು ಕಳವಾದಾಗ, ಪಾಲಿಸಿ ಚಾಲ್ತಿಯಲ್ಲಿದ್ದರೂ ಪರಿಹಾರ ಸಿಗಲಿಲ್ಲ.

ಇನ್ನೊಬ್ಬರಿಗೆ ಗಾಯವೋ ಸಾವೋ ಆದರೆ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಂದರೆ ನಿಮ್ಮ ಎಲ್‌ಎಲ್‌ಪಿ. ಪಾಲಿಸಿಯ ಷರತ್ತು ಮುರಿದಿದೆ ಎಂದಾದರೆ ಸಂತ್ರಸ್ತರಿಗೆ ವಿಮಾ ಕಂಪನಿ ಮೊದಲು ಕೊಟ್ಟು, ಆಮೇಲೆ ಆ ಹಣವನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳುವಂತೆ ಆದೇಶವಾಗುವುದೂ ಉಂಟು.

ಕಂಪನಿ ಮಾಲೀಕತ್ವದಿಂದಲೇ ಕೈತಪ್ಪುವ ಇನ್ನೆರಡು ಸಂಗತಿಗಳಿವೆ. ಮಾಲೀಕ-ಚಾಲಕರಿಗೆ ಇರುವ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ ಕಂಪನಿಯ ಅಥವಾ ಪಾಲುದಾರಿಕೆ ಸಂಸ್ಥೆಯ ಹೆಸರಿನ ಕಾರಿಗೆ ಸಿಗುವುದಿಲ್ಲ. ಕಾರು ಓಡಿಸುವವರು ನೀವೇ, ಆದರೆ ಕಾಗದದಲ್ಲಿ ಮಾಲೀಕರಲ್ಲ. ಮತ್ತೊಂದು ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಅದು ಕಾರಿನದ್ದಲ್ಲ, ವಿಮೆ ಮಾಡಿಸಿದವರದ್ದು. ಹಳೆಯ ಕಾರಿನಲ್ಲಿ ನೀವು ಗಳಿಸಿದ ಶೇ 50 ಬೋನಸ್ಸನ್ನು ನಿಮ್ಮ ಹೆಸರಿನ ಹೊಸ ಕಾರಿಗೆ ತರಬಹುದು, ಎಲ್‌ಎಲ್‌ಪಿಗೆ ಕೊಡಲಾಗದು. ಸ್ವಂತ ಹಾನಿಯ ಪ್ರೀಮಿಯಂ ಒಂದೂವರೆ ಲಕ್ಷವಾದರೆ ಮೊದಲ ವರ್ಷವೇ 75 ಸಾವಿರ ಹೋಯಿತು. ‘ಪುದುಚೇರಿಯಲ್ಲಿ ವಿಮೆಯೂ ಅಗ್ಗ’ ಎಂದರೆ ನಂಬಬೇಡಿ. ವಿಮೆಯ ಹಳೆಯ ದರಪಟ್ಟಿ (ಟ್ಯಾರಿಫ್) ಪ್ರಕಾರ ಬೆಂಗಳೂರು, ಚೆನ್ನೈ, ಮುಂಬೈಯಂಥ ಎಂಟು ನಗರಗಳು ಎ ವಲಯ, ಉಳಿದದ್ದೆಲ್ಲ ಬಿ ವಲಯ. ಉಡುಪಿಯೂ ಬಿ, ಪುದುಚೇರಿಯೂ ಬಿ. ಥರ್ಡ್ ಪಾರ್ಟಿ ದರ ದೇಶಕ್ಕೆಲ್ಲ ಒಂದೇ.

ಎಲ್‌ಎಲ್‌ಪಿ ಬದುಕಿರಲು ವರ್ಷಕ್ಕೆ ಫಾರ್ಮ್ 11, ಫಾರ್ಮ್ 8, ಆದಾಯ ತೆರಿಗೆ ರಿಟರ್ನ್ ಸಲ್ಲಿಸಬೇಕು. ತಡವಾದರೆ ದಂಡ ಬೆಳೆಯುತ್ತಲೇ ಹೋಗುತ್ತದೆ. ಮರೆತುಬಿಟ್ಟು ರಿಜಿಸ್ಟ್ರಾರ್ ಪಟ್ಟಿಯಿಂದ ಹೆಸರು ಕಿತ್ತುಹಾಕಿದರೆ, ಕಾರು ಮಾರುವಾಗ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29ಕ್ಕೆ ಸಹಿ ಹಾಕುವ ಅಧಿಕಾರವುಳ್ಳವರೇ ಇರುವುದಿಲ್ಲ.

ನಿಮ್ಮ ಭಾವನವರ ಮೊಂಟಾನಾ ವಿಚಾರ. ಆ ರಾಜ್ಯದಲ್ಲಿ ಮಾರಾಟ ತೆರಿಗೆ ಇಲ್ಲ, ಅದಕ್ಕೇ ಅಮೆರಿಕದವರು ಅಲ್ಲಿ ಕಂಪನಿ ಮಾಡುತ್ತಾರೆ. ಹಾಗೆಂದು ಅದು ನಿರಾತಂಕದ ದಾರಿಯಲ್ಲ. ಹೊರಗೆ ಕೊಂಡ ಕಾರನ್ನು 12 ತಿಂಗಳೊಳಗೆ ತಂದು ಬಳಸಿದರೆ, ಅದು ಕ್ಯಾಲಿಫೋರ್ನಿಯಾದ ಬಳಕೆಗೆಂದೇ ಕೊಂಡದ್ದು ಎಂದು ಆ ರಾಜ್ಯ ಭಾವಿಸಿ ಬಳಕೆ ತೆರಿಗೆ ಕೇಳುತ್ತದೆ. ಮೊಂಟಾನಾ ಕೂಡ ಒಂದೂವರೆ ಲಕ್ಷ ಡಾಲರ್ ಮೀರಿದ, ಹತ್ತು ವರ್ಷಕ್ಕಿಂತ ಹಳೆಯದಲ್ಲದ ಕಾರುಗಳಿಗೆ ವರ್ಷಕ್ಕೆ 825 ಡಾಲರ್ ಶುಲ್ಕ ಹಾಕಿದೆ. ಅಲ್ಲಿನ ವಿಮೆಯಲ್ಲೂ ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ ಎಂಬುದೇ ಮೊದಲ ಪ್ರಶ್ನೆ.

ನಿಜವಾದ ವ್ಯವಹಾರವಿದ್ದರೆ ಮಾತು ಬೇರೆ. ನಿಮ್ಮದೊಂದು ಸಂಸ್ಥೆ ಪುದುಚೇರಿಯಲ್ಲಿ ನಡೆಯುತ್ತಿದ್ದು, ಕಾರು ಅಲ್ಲೇ ಇದ್ದು, ನೀವು ಆಗಾಗ ಊರಿಗೆ ಓಡಿಸಿಕೊಂಡು ಬರುವುದಾದರೆ ಅದು ಸರಿ. ಹಾಗೆಯೇ ರಾಜ್ಯ ಬದಲಾದರೂ ನಂಬರು ಬದಲಿಸಬೇಕಿಲ್ಲದ ಬಿಎಚ್ (ಭಾರತ್) ಸರಣಿ ಇದೆ, 2021ರ ಸೆಪ್ಟೆಂಬರ್ 15ರಿಂದ. ಸರ್ಕಾರಿ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯ ನೌಕರರಿಗೆ ಮಾತ್ರ. ಕಂಪನಿ ಫಾರ್ಮ್ 60ರಲ್ಲಿ ಉದ್ಯೋಗದ ಪ್ರಮಾಣಪತ್ರ ಕೊಡಬೇಕು, ಕಾರು ನೌಕರರ ಸ್ವಂತ ಹೆಸರಿನಲ್ಲಿರಬೇಕು, ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟಬೇಕು. ಒಂದು ಕೋಣೆಯ ಎಲ್‌ಎಲ್‌ಪಿಗೆ ಇದು ಸಿಗುವುದಿಲ್ಲ.

ತೆರಿಗೆಯೇ ಭಾರ ಎನಿಸಿದರೆ ನಮ್ಮ ಸಲಹೆ ಇದು: ಇದೇ ಕಾರು ಎರಡು-ಮೂರು ವರ್ಷ ಹಳೆಯದು, ಕರ್ನಾಟಕ ನೋಂದಣಿಯದ್ದು ಸಿಗುತ್ತದೆಯೇ ನೋಡಿ. ಜೀವಾವಧಿ ತೆರಿಗೆಯನ್ನು ಮೊದಲ ಮಾಲೀಕರು ಕಟ್ಟಿ ಆಗಿದೆ. ಫಾರ್ಮ್ 29, 30ರಲ್ಲಿ ಹೆಸರು ಬದಲಾದರೆ ಸಾಕು. ದೂರದ ರಾಜ್ಯಗಳ ನಂಬರಿನ ‘ಅಗ್ಗದ’ ಎಸ್‌ಯುವಿಗಳ ಕಡೆ ಮಾತ್ರ ಹೋಗಬೇಡಿ. ಭೂತಾನದಿಂದ ಕಳ್ಳದಾರಿಯಲ್ಲಿ ತಂದು ನಕಲಿ ದಾಖಲೆಯಲ್ಲಿ ನೋಂದಾಯಿಸಿದ ಕಾರುಗಳನ್ನು 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಹಿಡಿದದ್ದು ನೆನಪಿರಲಿ.

ಹೊಸದನ್ನೇ ಇಲ್ಲಿ ನಿಮ್ಮ ಹೆಸರಿನಲ್ಲಿ, ಕೆಎ-20ರಲ್ಲಿ ಕೊಂಡರೆ ವಿಮೆಗೆ ಮೂರು ಆಡ್-ಆನ್ ಬಿಡಬೇಡಿ. ಝೀರೋ ಡಿಪ್ರಿಸಿಯೇಷನ್ (ಭಾಗಗಳ ಸವಕಳಿ ಕಳೆಯದೆ ಹಣ ಕೊಡುವ ರಕ್ಷಣೆ) ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಹಣ ನಿಮ್ಮದೇ. ಎಂಜಿನ್ ಪ್ರೊಟೆಕ್ಟ್ ನಮ್ಮ ಮಳೆಗಾಲಕ್ಕೆ ಅನಿವಾರ್ಯ. ನಿಂತ ನೀರಿನಲ್ಲಿ ಕಾರು ಆಫ್ ಆದಾಗ ಮತ್ತೆ ಸ್ಟಾರ್ಟ್ ಮಾಡಿದರೆ ನೀರು ಸಿಲಿಂಡರಿಗೆ ನುಗ್ಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಸಾಮಾನ್ಯ ಪಾಲಿಸಿ ಇದನ್ನು ಕೊಡುವುದಿಲ್ಲ. ಕಾರು ಆಫ್ ಆದರೆ ಕೀಲಿ ಮುಟ್ಟದೆ ಟೋ ಮಾಡಿಸಿ. ಮೂರನೆಯದು ರಿಟರ್ನ್ ಟು ಇನ್‌ವಾಯ್ಸ್. ಕಾರು ಪೂರ್ತಿ ಹೋದರೆ ಬಿಲ್ಲಿನ ಬೆಲೆ ಸಿಗುತ್ತದೆ, ಹಲವು ಪಾಲಿಸಿಗಳಲ್ಲಿ ಕಟ್ಟಿದ ರಸ್ತೆ ತೆರಿಗೆಯೂ ಸೇರುತ್ತದೆ. ತೆರಿಗೆ ಸೇರಿದೆಯೇ ಎಂದು ಪಾಲಿಸಿಯ ಅಕ್ಷರದಲ್ಲೇ ನೋಡಿಕೊಳ್ಳಿ. ಈ 24 ಲಕ್ಷಕ್ಕೆ ಒಂದಷ್ಟು ಕಾವಲು ಸಿಗುವುದು ಅಲ್ಲೇ.

ನಿಮ್ಮ ಪರಿಚಯದವರು ನೋಟಿಸಿಗೆ ಕಾಯದೆ ತಾವೇ ಹೋಗುವುದು ಒಳ್ಳೆಯದು. ಮೊದಲು ಬಾಕಿ ಚಲನ್‌ಗಳನ್ನೆಲ್ಲ ಕಟ್ಟಿ, ವಿಮೆ ಮತ್ತು ಹೊಗೆ ತಪಾಸಣೆ ಚಾಲ್ತಿಯಲ್ಲಿಡಬೇಕು. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು, ಹೆಚ್ಚು ದಿನ ತಿನ್ನುವುದು ಇದೇ. ಆಮೇಲೆ ಛಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಸಹಿತ ಫಾರ್ಮ್ 28ರಲ್ಲಿ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅದನ್ನು ‘ಉಡುಪಿ’ಗೇ ಬರೆಸಿಕೊಳ್ಳಬೇಕು. ಇಲ್ಲಿ ಹೊಸ ನಂಬರಿಗೆ ಅರ್ಜಿಯಾದ ಫಾರ್ಮ್ 27ರ ಜೊತೆ, ಕಾರನ್ನು ಸ್ವಂತ ಹೆಸರಿಗೆ ತರುವುದಾದರೆ ಫಾರ್ಮ್ 29, 30. ಕಾರನ್ನೂ ತಪಾಸಣೆಗೆ ಒಯ್ಯಬೇಕು. ಜೀವಾವಧಿ ತೆರಿಗೆ ಮೂಲ ಬೆಲೆಯ ಮೇಲೆಯೇ ಲೆಕ್ಕವಾಗುತ್ತದೆ, ಕಾರಿನ ವಯಸ್ಸಿಗೆ ತಕ್ಕಂತೆ ರಿಯಾಯಿತಿ ಉಂಟು. ಹೊಸ ಆರ್‌ಸಿ ಕೈಗೆ ಬಂದ ಮೇಲೆ ಅದರ ಪ್ರತಿಯೊಂದಿಗೆ ಪುದುಚೇರಿಯಲ್ಲಿ ಉಳಿದ ಅವಧಿಯ ತೆರಿಗೆ ಮರುಪಾವತಿಗೆ ಅರ್ಜಿ ಹಾಕಿ ನೋಡಬಹುದು. ಎಲ್‌ಎಲ್‌ಪಿ ಆ ಕಾರಿನ ಮೇಲೆ ಸವಕಳಿ ತೋರಿಸಿದ್ದರೆ, ಜಿಎಸ್‌ಟಿ ನೋಂದಣಿ ಇದ್ದರೆ, ಮಾರಾಟದ ಕಾಗದ ಮಾಡುವ ಮೊದಲೇ ಸಿಎ ಬಳಿ ಕೂರಲಿ. ಮಾಲೀಕತ್ವ ಬದಲಾದ 14 ದಿನದೊಳಗೆ ವಿಮಾ ಕಂಪನಿಗೆ ಬರೆದು ಪಾಲಿಸಿಯನ್ನು ತಮ್ಮ ಹೆಸರಿಗೆ, ಉಡುಪಿಯ ವಿಳಾಸಕ್ಕೆ, ಹೊಸ ನಂಬರಿಗೆ ಮಾಡಿಸಿಕೊಳ್ಳಬೇಕು. ಎಲ್‌ಎಲ್‌ಪಿ ಪಡೆದಿದ್ದ ಬೋನಸ್ ವ್ಯತ್ಯಾಸವನ್ನು ಆಗ ಕಟ್ಟಬೇಕಾಗುತ್ತದೆ. ಫಾಸ್ಟ್‌ಟ್ಯಾಗ್‌ನಲ್ಲೂ ಹೊಸ ನಂಬರು ಸೇರಿಸಲಿ. ಎಲ್‌ಎಲ್‌ಪಿಯನ್ನು ಮುಚ್ಚುವುದು ಇದೆಲ್ಲ ಮುಗಿದು, ಹೊಸ ಆರ್‌ಸಿ ಕೈಗೆ ಬಂದ ಮೇಲೆ. ಮೊದಲೇ ಮುಚ್ಚಿದರೆ ಸಹಿ ಹಾಕುವವರಿಲ್ಲದೆ ಕಾರು ಅಲ್ಲೇ ಸಿಕ್ಕಿಬೀಳುತ್ತದೆ.

– ಸಂಪಾದಕ