ಮನಸ್ಸು ಬರಲಿ ಎಂದು ಕಾಯಬೇಡಿ

ಪ್ರಶ್ನೆ: ನನಗೆ 36 ವರ್ಷ. ಕಳೆದ ವರ್ಷ ಕೆಲಸ ಹೋಯಿತು. ಕೆಲವೇ ತಿಂಗಳಲ್ಲಿ ಅಮ್ಮನೂ ತೀರಿಕೊಂಡರು. ಎಷ್ಟೋ ಕಡೆ ಅರ್ಜಿ ಹಾಕಿದೆ, ಎಲ್ಲೂ ಆಗಲಿಲ್ಲ. ಈಗ ಅದನ್ನೂ ಬಿಟ್ಟಿದ್ದೇನೆ. ಬೆಳಗ್ಗೆ ಯಾಕಾದರೂ ಏಳಬೇಕೋ ಅನ್ನಿಸುತ್ತದೆ. ಅಕ್ಕ ವಾರಕ್ಕೊಮ್ಮೆ ಮೆಸೇಜ್ ಮಾಡುತ್ತಾಳೆ, ಉತ್ತರಿಸಲು ಮನಸ್ಸಾಗುವುದಿಲ್ಲ. ‘ಪಾಸಿಟಿವ್ ಆಗಿ ಯೋಚಿಸು’ ಅಂತ ಎಲ್ಲರೂ ಹೇಳುತ್ತಾರೆ. ನನ್ನಿಂದ ಆಗುತ್ತಿಲ್ಲ. ನಾನು ಇಷ್ಟು ದುರ್ಬಲನೇ? ಈ ಬದುಕಿಗೆ ಏನಾದರೂ ಬೆಲೆ ಇದೆಯೇ?

ಉತ್ತರ: ನೀವು ದುರ್ಬಲರಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು.

1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಓದಿದರೆ ಈಗಲೂ ಸಂಕಟವಾಗುತ್ತದೆ. ಕೆಲವು ನಾಯಿಗಳಿಗೆ ಹಲಗೆಯೊಂದನ್ನು ಒತ್ತಿ ಕರೆಂಟ್ ಶಾಕ್ ನಿಲ್ಲಿಸಲು ಆಗುತ್ತಿತ್ತು. ಇನ್ನು ಕೆಲವು ಏನು ಮಾಡಿದರೂ ಶಾಕ್ ನಿಲ್ಲುತ್ತಿರಲಿಲ್ಲ. ಆಮೇಲೆ ಅವನ್ನು ತಗ್ಗಾದ ಅಡ್ಡಗೋಡೆ ಇರುವ ಪೆಟ್ಟಿಗೆಯಲ್ಲಿ ಬಿಟ್ಟರು. ಹಾರಿದರೆ ಪಾರಾಗಬಹುದಿತ್ತು. ಮೊದಲ ಗುಂಪಿನವು ಹಾರಿದವು. ಎರಡನೇ ಗುಂಪಿನ ಹೆಚ್ಚಿನವು ಇದ್ದಲ್ಲೇ ಕುಸಿದು ಕೂತವು. ‘ಏನು ಮಾಡಿದರೂ ಅಷ್ಟೇ’ ಎಂಬುದನ್ನು ಅವು ಕಲಿತಿವೆ ಎಂದು ಸಂಶೋಧಕರು ತೀರ್ಮಾನಿಸಿದರು.

ಸುಮಾರು 50 ವರ್ಷದ ನಂತರ, 2016ರಲ್ಲಿ, ಅದೇ ಇಬ್ಬರು ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ಅಸಹಾಯಕತೆ ಕಲಿತದ್ದಲ್ಲ. ನೋವು ತುಂಬಾ ದಿನ ಮುಂದುವರಿದಾಗ ಕೈಚೆಲ್ಲುವುದು ಮಿದುಳಿನ ಸಹಜ ಪ್ರತಿಕ್ರಿಯೆ. ಕಲಿಯಬೇಕಾದದ್ದು ಇನ್ನೊಂದು: ‘ನಾನು ಮಾಡಿದ್ದರಿಂದ ಏನೋ ಬದಲಾಯಿತು’ ಎಂಬುದು. ಎರಡು ದೊಡ್ಡ ಪೆಟ್ಟು ತಿಂದ ನಿಮ್ಮ ಮನಸ್ಸು ಈಗ ಕೈಚೆಲ್ಲಿದ್ದರೆ ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಹಾಗೆ ಕೈಚೆಲ್ಲಿದ ನಾಯಿಗಳು ಮತ್ತೆ ಹಾರಲು ಕಲಿತದ್ದು ಹೇಗೆ ಗೊತ್ತೇ? ಕರೆದರೆ ಬರಲಿಲ್ಲ. ಕೊನೆಗೆ ಹಗ್ಗ ಕಟ್ಟಿ, ಮತ್ತೆ ಮತ್ತೆ ಆಚೆ ಬದಿಗೆ ಎಳೆಯಬೇಕಾಯಿತು. ಎಷ್ಟೋ ಸಲ ಎಳೆದ ಮೇಲೆ ತಾವೇ ದಾಟತೊಡಗಿದವು. ‘ಪಾಸಿಟಿವ್ ಆಗಿ ಯೋಚಿಸು’ ಎಂಬ ಮಾತು ನನಗೂ ಇಷ್ಟವಾಗದಿರುವುದು ಇದಕ್ಕೇ. ಅದು ದೂರದಲ್ಲಿ ನಿಂತು ಕರೆದ ಹಾಗೆ. ಮೊದಲು ಮೈ ದಾಟಬೇಕು, ಮನಸ್ಸು ಆಮೇಲೆ ಬರುತ್ತದೆ.

ಹಾಗಂತ ನಾಳೆಯೇ ಅರ್ಜಿ ಹಾಕಲು ಕೂರಬೇಡಿ. ಅದರ ಫಲ ಬೇರೆಯವರ ಕೈಯಲ್ಲಿದೆ. ಈಗ ಬೇಕಾದದ್ದು ಫಲ ನಿಮ್ಮ ಕೈಯಲ್ಲೇ ಇರುವ, ಹತ್ತು ನಿಮಿಷಕ್ಕಿಂತ ಜಾಸ್ತಿ ಹಿಡಿಯದ ಕೆಲಸ. ಹಾಸಿಗೆ ಮಡಚುವುದು. ಬೀದಿಯ ಕೊನೆವರೆಗೆ ನಡೆದು ಬರುವುದು. ಮನಸ್ಸಿರಲಿ ಬಿಡಲಿ, ದಿನಾ ಒಂದೇ ಹೊತ್ತಿಗೆ ಮಾಡಿ. ಮುಗಿದ ಮೇಲೆ ಒಂದು ಕಡೆ ಬರೆದಿಡಿ. ಇಷ್ಟರಿಂದ ಏನಾದೀತು ಅನ್ನಿಸುತ್ತದೆ ಅಲ್ವಾ? ಅನ್ನಿಸಲಿ. ಖಿನ್ನತೆಗೆ ಕೊಡುವ ಒಂದು ಚಿಕಿತ್ಸೆಯೇ ಈ ದಾರಿಯಲ್ಲಿ ಸಾಗುತ್ತದೆ.

ಬದುಕಿಗೆ ಬೆಲೆ ಇದೆಯೇ ಎಂಬ ಪ್ರಶ್ನೆಗೆ ಈಗಲೇ ತೀರ್ಪು ಕೊಡಬೇಡಿ. ಖಿನ್ನತೆಯಲ್ಲಿ ನೆನಪುಗಳೂ ಮಸುಕಾಗುತ್ತವೆ. ನಿರ್ದಿಷ್ಟ ದಿನಗಳು ನೆನಪಿಗೆ ಬಾರದೆ, ‘ಯಾವಾಗಲೂ ಹೀಗೇ’ ಎಂಬ ಒಂದೇ ಬಣ್ಣ ಉಳಿಯುತ್ತದೆ. ತೀರ್ಪಿಗೆ ಬೇಕಾದ ಸಾಕ್ಷಿಗಳೇ ಒಳಗೆ ಬರುತ್ತಿಲ್ಲ. ಅಮ್ಮನ ಜೊತೆ ಕಳೆದ ಯಾವುದಾದರೂ ಒಂದು ದಿನವನ್ನು ನಿಧಾನವಾಗಿ ನೆನಪಿಸಿಕೊಳ್ಳಿ. ಎಲ್ಲಿ ಕೂತಿದ್ದಿರಿ, ಏನು ಮಾತಾಡಿದಿರಿ. ಅಳು ಬಂದರೆ ಅತ್ತುಬಿಡಿ.

ವೈದ್ಯರನ್ನೂ ಕಾಣಿ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಹೀಗೇ ಇದ್ದರೆ ಪರೀಕ್ಷೆ ಬೇಕೇ ಬೇಕು. ಔಷಧ ಕೊಟ್ಟರೆ ಅದು ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ. ಒಂದು ವಾರಕ್ಕೇ ‘ಏನೂ ಆಗಲಿಲ್ಲ’ ಎಂದು ಬಿಡಬೇಡಿ.

ಇನ್ನೊಂದು ಮಾತು ನೇರವಾಗಿ ಕೇಳುತ್ತೇನೆ. ಸಾಯಬೇಕು ಅನ್ನಿಸುತ್ತಿದೆಯೇ? ಹೌದಾದರೆ ಇವತ್ತೇ ಯಾರಿಗಾದರೂ ಬಾಯಿಬಿಟ್ಟು ಹೇಳಿ. ಆ ಯೋಚನೆ ಜೋರಾದ ಹೊತ್ತಿನಲ್ಲಿ ಒಬ್ಬರೇ ಇರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆ ಅಲೆ ಏರಿದಂತೆ ಇಳಿಯುತ್ತದೆ. ಇಳಿಯುವ ತನಕ ಜೊತೆಗೊಬ್ಬರು ಬೇಕು.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಅಕ್ಕನ ಸಾಲು. ಅಮೆರಿಕದ ಮನೋವೈದ್ಯ ಜೆರೋಮ್ ಮೋಟೊ, ಆಸ್ಪತ್ರೆಯಿಂದ ಹೊರಬಂದು ಮುಂದಿನ ಚಿಕಿತ್ಸೆ ಬೇಡವೆಂದ 843 ಜನರಲ್ಲಿ ಅರ್ಧದಷ್ಟು ಮಂದಿಗೆ ಐದು ವರ್ಷ ಆಗಾಗ ಚಿಕ್ಕ ಪತ್ರ ಕಳಿಸುವ ಏರ್ಪಾಡು ಮಾಡಿದರು. ಹೇಗಿದ್ದೀರಿ, ನಿಮ್ಮ ನೆನಪಿದೆ ಎಂಬಷ್ಟೇ. ಉತ್ತರ ಕೊಡಲೇಬೇಕೆಂಬ ಒತ್ತಾಯವಿರಲಿಲ್ಲ. ಪತ್ರ ಬಂದವರಲ್ಲಿ ಆತ್ಮಹತ್ಯೆಯಿಂದಾದ ಸಾವು, ವಿಶೇಷವಾಗಿ ಮೊದಲ ಎರಡು ವರ್ಷ, ಕಡಿಮೆಯಿತ್ತು ಎಂದು 2001ರಲ್ಲಿ ಪ್ರಕಟಿಸಿದರು. ನಿಮಗೆ ಅಂಥ ಪತ್ರ ವಾರಕ್ಕೊಂದು ಬರುತ್ತಿದೆ. ಅಕ್ಕನಿಗೆ ದೊಡ್ಡ ಉತ್ತರ ಬೇಡ. ‘ಓದಿದೆ, ನನಗೆ ಚೆನ್ನಾಗಿಲ್ಲ, ಬಾ’ ಎಂದು ಬರೆಯಿರಿ. ನಾಳೆಗೆ ಬಿಡಬೇಡಿ, ಇದನ್ನು ಓದಿ ಮುಗಿಸಿದ ಕೂಡಲೇ ಕಳಿಸಿ.